ಏಳರ ಗೆರೆ ಎಲ್ಲರಿಗೂ ಒಂದೇ ಅಲ್ಲ

ಬೆಳಿಗ್ಗೆ ಏಳೂವರೆಗೆ ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಲ್ಯಾಬಿನ ಮುಂದೆ ಹೋಗಿ ನಿಲ್ಲಿ. ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದವರು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ಒಬ್ಬರ ಕೈಯಲ್ಲಿ ಮಡಚಿ ಮಡಚಿ ಸವೆದ ಚೀಟಿ, ಇನ್ನೊಬ್ಬರ ಚೀಲದಲ್ಲಿ ಪರೀಕ್ಷೆ ಮುಗಿದ ಮೇಲೆ ತಿನ್ನಲು ಕಟ್ಟಿಕೊಂಡು ಬಂದ ರೊಟ್ಟಿ. "ಅಜ್ಜಿ, ಏನಾರ ತಿಂದೀರಾ?" ಎಂದು ರಕ್ತ ತೆಗೆಯುವ ಹುಡುಗ ಕೇಳುತ್ತಾನೆ. "ಏನೂ ತಿಂದಿಲ್ಲಪ್ಪ, ಶುಗರ್ ಗುಳಿಗೆ ಒಂದು ನುಂಗೀನಿ" ಎನ್ನುತ್ತದೆ ಎಪ್ಪತ್ತು ದಾಟಿದ ಜೀವ. ಗುಳಿಗೆ ತಪ್ಪಿಸಬಾರದು ಎಂದು ಹೇಳಿದವರಿದ್ದಾರೆ. ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದವರೂ ಇದ್ದಾರೆ. ಎರಡನ್ನೂ ಒಂದೇ ಬೆಳಿಗ್ಗೆ ಪಾಲಿಸಿದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಹೇಳಿಲ್ಲ. ಸರದಿ ಬರುವ ಹೊತ್ತಿಗೆ ಅಜ್ಜಿಯ ಹಣೆ ಬೆವೆತು, ಕೈ ಸಣ್ಣಗೆ ನಡುಗುತ್ತಿರುತ್ತದೆ. "ಪಿತ್ತ ಆಗೈತಿ, ಸ್ವಲ್ಪ ನೀರು ಕುಡಿ" ಎಂದು ಪಕ್ಕದವರು ಸಮಾಧಾನ ಹೇಳುತ್ತಾರೆ.

ಅದೇ ಬೆಂಚಿನ ತುದಿಯಲ್ಲಿ ನಲವತ್ತು ತುಂಬದ ಅಡಿಕೆ ಕೇಣಿದಾರ ಕೂತಿರುತ್ತಾನೆ. ಅವನ ಶುಗರ್‌ನ ಮೂರು ತಿಂಗಳ ಸರಾಸರಿ 8.6 ಬಂದಿದೆ. "ನನಗೇನೂ ತ್ರಾಸಿಲ್ಲ, ಈ ಕೊಯ್ಲು ಮುಗೀಲಿ, ಆಮೇಲೆ ನೋಡಿದ್ರಾತು" ಎಂದು ಚೀಟಿಯನ್ನು ಜೇಬಿಗೆ ತುರುಕಿ ಬೈಕ್ ಹತ್ತುತ್ತಾನೆ.

ಇಂಥ ಇಬ್ಬರನ್ನು ಕಾಣದ ಊರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ. ಶುಗರ್‌ನ ಹತೋಟಿ ಅಜ್ಜಿಗೆ ಬೇಕಾದುದಕ್ಕಿಂತ ಬಿಗಿ, ಕೇಣಿದಾರನಿಗೆ ಇರಬೇಕಾದುದಕ್ಕಿಂತ ಸಡಿಲ. ಇಬ್ಬರನ್ನೂ ಅಳೆಯುವ ಗೆರೆ ಮಾತ್ರ ಒಂದೇ: ಏಳು. ಈ ಗೆರೆ ಎಲ್ಲಿಂದ ಬಂತು, ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂಬುದನ್ನು ಈಗಲೇ ಕೇಳಿಕೊಳ್ಳದಿದ್ದರೆ ಮುಂದಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳು ಎರಡು ಬಗೆಯ ನಷ್ಟವನ್ನು ಒಟ್ಟಿಗೆ ಅನುಭವಿಸಬೇಕಾಗುತ್ತದೆ.

ಈಗಲೇ ಏಕೆ? ಇಲ್ಲಿಯವರೆಗೆ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನು ಹುಡುಕಿಕೊಂಡು ರೋಗಿ ಹೋಗಬೇಕಿತ್ತು. ಇನ್ನು ಮುಂದೆ ಪರೀಕ್ಷೆಯೇ ಮನೆ ಬಾಗಿಲಿಗೆ ಬರುತ್ತದೆ. 2024ರಲ್ಲಿ ಕೋಲಾರದಲ್ಲಿ ಆರಂಭಿಸಿ ಬಳಿಕ ರಾಜ್ಯಕ್ಕೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಮೂವತ್ತು ದಾಟಿದವರ ಬಿ.ಪಿ., ಶುಗರ್ ಮನೆಯಲ್ಲೇ ನೋಡುವ ಏರ್ಪಾಡಿದೆ. ಕೇಂದ್ರ ಸರ್ಕಾರ 2023ರಲ್ಲಿ ಏಳೂವರೆ ಕೋಟಿ ಬಿ.ಪಿ. ಮತ್ತು ಶುಗರ್ ರೋಗಿಗಳನ್ನು 2025ರೊಳಗೆ ಕ್ರಮಬದ್ಧ ಚಿಕಿತ್ಸೆಗೆ ತರುವ ಗುರಿ ಇಟ್ಟುಕೊಂಡಿತ್ತು. ಅದೇ ವರ್ಷ ಹೊರಬಂದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತವರೂ ಇದ್ದಾರೆ ಎಂದಿತು. ಮನೆ ಮನೆ ತಪಾಸಣೆ ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪಾಸಣೆಯ ಬೆನ್ನಿಗೇ ಲೆಕ್ಕ ಬರುತ್ತದೆ: ಎಷ್ಟು ಜನರ ಶುಗರ್ 'ಹತೋಟಿಯಲ್ಲಿದೆ'? ಆ ಲೆಕ್ಕದ ಹಿಂದೆ ಒಂದೇ ಗೆರೆ ಇದ್ದರೆ, ಆಶಾ ಕಾರ್ಯಕರ್ತೆಯಿಂದ ತಾಲ್ಲೂಕು ವೈದ್ಯಾಧಿಕಾರಿಯವರೆಗೆ ಎಲ್ಲರೂ ಅಜ್ಜಿಯನ್ನೂ ಕೇಣಿದಾರನನ್ನೂ ಅದೇ ಗೆರೆಯ ಕೆಳಗೆ ದೂಡಲು ನೋಡುತ್ತಾರೆ.

ಇದು ಬರೀ ಊಹೆಯಲ್ಲ. ಬ್ರಿಟನ್‌ನಲ್ಲಿ 2004ರಿಂದ ಕುಟುಂಬ ವೈದ್ಯರಿಗೆ ರೋಗಿಗಳ ಅಂಕಿ ನೋಡಿ ಪ್ರೋತ್ಸಾಹಧನ ಕೊಡುವ ವ್ಯವಸ್ಥೆ ಬಂತು. 2009ರಲ್ಲಿ ಶುಗರ್ ಗುರಿಯನ್ನು 7.5ರಿಂದ 7ಕ್ಕೆ ಇಳಿಸಿದರು. ಇದಕ್ಕೆ ಸಾಕಷ್ಟು ಪುರಾವೆ ಇಲ್ಲ, ವಯಸ್ಸಾದವರಿಗೆ ಅಪಾಯ ಎಂದು ವೈದ್ಯರೇ ದನಿ ಎತ್ತಿದರು. 2011ರಲ್ಲಿ ಗೆರೆ ಮತ್ತೆ 7.5ಕ್ಕೆ ಏರಿತು. ದೊಡ್ಡ ವ್ಯವಸ್ಥೆಯೊಂದು ಎರಡೇ ವರ್ಷದಲ್ಲಿ ಕಲಿತ ಪಾಠವನ್ನು ನಾವು ಮೊದಲೇ ಕಲಿತುಕೊಳ್ಳಬಹುದಲ್ಲ.

ಮೊದಲು ಈ 'ಏಳು' ಎಂದರೇನು ಎಂದು ನೋಡೋಣ. ನಮ್ಮ ಜನ 'ಮೂರು ತಿಂಗಳ ಟೆಸ್ಟ್' ಎಂದು ಕರೆಯುವ ಎಚ್‌ಬಿಎ1ಸಿ, ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಹೇಳುತ್ತದೆ. ಕಣದ ಆಯುಸ್ಸು ಸುಮಾರು ನಾಲ್ಕು ತಿಂಗಳು, ಹಾಗಾಗಿ ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ಕಾಣುತ್ತದೆ. 7 ಎಂದರೆ ದಿನದ ಸರಾಸರಿ ಸುಮಾರು 154 ಮಿಲಿಗ್ರಾಂ, 8 ಎಂದರೆ 183, 9 ಎಂದರೆ 212. ಸರಾಸರಿ ಎಂಬುದು ಮೋಸದ ಮಾತು ಎನ್ನುವುದು ರೈತರಿಗೆ ಹೊಸದಲ್ಲ. ಜಗಳೂರಿನಲ್ಲಿ ಜೂನ್‌ನಲ್ಲಿ ಮಳೆ ಇಲ್ಲದೆ ಬಿತ್ತನೆ ಒಣಗಿ, ಅಕ್ಟೋಬರ್‌ನಲ್ಲಿ ಒಂದೇ ವಾರ ಸುರಿದು ಮೆಕ್ಕೆಜೋಳದ ತೆನೆ ಮೊಳಕೆ ಒಡೆದರೂ ವರ್ಷದ ಸರಾಸರಿ 'ವಾಡಿಕೆ ಮಳೆ' ಎಂದೇ ದಾಖಲಾಗಬಹುದು. ಶುಗರ್ ಒಮ್ಮೆ 60ಕ್ಕೆ ಕುಸಿದು ಒಮ್ಮೆ 250ಕ್ಕೆ ಏರಿದರೂ ಮೂರು ತಿಂಗಳ ಚೀಟಿಯಲ್ಲಿ ಸೊಗಸಾದ 7 ಬರಬಹುದು.

ಆ ಏಳಕ್ಕೆ ಹುಟ್ಟು ಕೊಟ್ಟ ಪುರಾವೆ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 1,441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನ, ಇನ್ಸುಲಿನ್ ಇಲ್ಲದೆ ಬದುಕಲಾರದ ಟೈಪ್ 1 ರೋಗಿಗಳಲ್ಲಿ ಶುಗರನ್ನು 9ರ ಬದಲು 7ರ ಸುತ್ತ ಹಿಡಿದರೆ ಕಣ್ಣಿನ ತೊಂದರೆ ಹೊಸದಾಗಿ ಶುರುವಾಗುವುದು 76% ಕಡಿಮೆಯಾಗುತ್ತದೆ ಎಂದು ತೋರಿಸಿತು. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತ್ತು: ಬೇರೊಬ್ಬರ ನೆರವಿಲ್ಲದೆ ಚೇತರಿಸಿಕೊಳ್ಳಲಾಗದಷ್ಟು ಶುಗರ್ ಕುಸಿಯುವ ಪ್ರಸಂಗಗಳು ಮೂರು ಪಟ್ಟಾದವು. ಮೊದಲನೆಯ ಸಂಗತಿ ಊರೂರು ತಲುಪಿತು. ಎರಡನೆಯದು ದಾರಿಯಲ್ಲೇ ಎಲ್ಲೋ ಉಳಿದುಬಿಟ್ಟಿತು.

ನಮ್ಮಲ್ಲಿ ಹೆಚ್ಚಿರುವುದು ಟೈಪ್ 2. ಅದರ ಮಟ್ಟಿಗೆ ಬುನಾದಿ ಹಾಕಿದ್ದು 1998ರಲ್ಲಿ ಫಲಿತಾಂಶ ಕೊಟ್ಟ ಬ್ರಿಟನ್ನಿನ ಯುಕೆಪಿಡಿಎಸ್. ಅಲ್ಲಿ ಸೇರಿದವರು ಆಗತಾನೆ ಕಾಯಿಲೆ ಗೊತ್ತಾದವರು, ಹೆಚ್ಚಿನವರು ಐವತ್ತರ ಆಸುಪಾಸಿನವರು. ಹತ್ತು ವರ್ಷ ಬಿಗಿ ಹಿಡಿದವರಲ್ಲಿ ಸರಾಸರಿ 7, ಸಡಿಲ ಬಿಟ್ಟವರಲ್ಲಿ 7.9. ಕಣ್ಣು, ಮೂತ್ರಪಿಂಡದಂಥ ಸಣ್ಣ ರಕ್ತನಾಳದ ತೊಂದರೆ ಬಿಗಿ ಗುಂಪಿನಲ್ಲಿ 25% ಕಡಿಮೆ. ಈ ಶೇಕಡಾವನ್ನು ಮನುಷ್ಯರ ಲೆಕ್ಕಕ್ಕೆ ಇಳಿಸಿ ನೋಡಬೇಕು. ಸಾವಿರ ಜನರನ್ನು ಒಂದು ವರ್ಷ ನೋಡಿದರೆ ಸಡಿಲ ಗುಂಪಿನಲ್ಲಿ 11.4 ಜನರಿಗೆ ತೊಂದರೆ, ಬಿಗಿ ಗುಂಪಿನಲ್ಲಿ 8.6 ಜನರಿಗೆ. ಅಂದರೆ ವರ್ಷಕ್ಕೆ ಸಾವಿರಕ್ಕೆ ಮೂವರಷ್ಟು ಉಳಿತಾಯ. ಒಂದು ವರ್ಷಕ್ಕೆ ಇದು ಸಣ್ಣದು. ಆದರೆ ಮುಂದೆ ಮೂವತ್ತು ವರ್ಷ ಬದುಕಬೇಕಾದ ಕೇಣಿದಾರನಿಗೆ ಇದು ದೊಡ್ಡ ಮೊತ್ತ. ಎಂಬತ್ತರ ಅಂಚಿನಲ್ಲಿರುವ ಅಜ್ಜಿಗೆ ಆ ಲಾಭ ಕೈಗೆ ಬರುವಷ್ಟು ವರ್ಷಗಳೇ ಇರದಿರಬಹುದು.

ಯುಕೆಪಿಡಿಎಸ್ ಮುಗಿದ ಮೇಲೆ ಎರಡೂ ಗುಂಪುಗಳ ಶುಗರ್ ಒಂದೇ ಮಟ್ಟಕ್ಕೆ ಬಂತು. ಆದರೂ ಹತ್ತು ವರ್ಷದ ನಂತರ, 2008ರಲ್ಲಿ ನೋಡಿದರೆ, ಮೊದಲು ಬಿಗಿ ಹಿಡಿದವರಲ್ಲಿ ಹೃದಯಾಘಾತ 15% ಕಡಿಮೆ ಇತ್ತು. 2024ರಲ್ಲಿ ಪ್ರಕಟವಾದ ಮುಂದುವರಿದ ಲೆಕ್ಕದಲ್ಲೂ ಆ ಲಾಭ ಅಳಿದಿರಲಿಲ್ಲ. ಮೊದಲ ವರ್ಷಗಳ ಹತೋಟಿ ಬ್ಯಾಂಕಿನಲ್ಲಿಟ್ಟ ಗಂಟಿನ ಹಾಗೆ, ಬಡ್ಡಿ ಕೊಡುತ್ತಲೇ ಇರುತ್ತದೆ. "ಕೊಯ್ಲು ಮುಗೀಲಿ" ಎನ್ನುವವನು ಕಳೆದುಕೊಳ್ಳುವುದು ಈ ಗಂಟನ್ನು. ಭಾರತೀಯರಿಗೆ ಈ ಕಾಯಿಲೆ ಯುರೋಪಿನವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ ಎಂಬುದನ್ನು ಸೇರಿಸಿಕೊಂಡರೆ, ಮೂವತ್ತೈದು ನಲವತ್ತರ ವಯಸ್ಸಿನವರಲ್ಲಿ 'ಬಾರ್ಡರ್‌ನಲ್ಲಿದೆ ಅಷ್ಟೆ' ಎಂಬ ಮಾತು ಎಷ್ಟು ದುಬಾರಿ ಎಂದು ತಿಳಿಯುತ್ತದೆ.

ಏಳು ಒಳ್ಳೆಯದಾದರೆ ಆರು ಇನ್ನೂ ಒಳ್ಳೆಯದಲ್ಲವೇ? ಈ ಸಹಜ ಪ್ರಶ್ನೆಗೆ ಉತ್ತರ ಹುಡುಕಿದ್ದು ಅಕಾರ್ಡ್ ಅಧ್ಯಯನ. ಅಮೆರಿಕ ಮತ್ತು ಕೆನಡಾದ 10,251 ಜನ ಅದರಲ್ಲಿದ್ದರು. ಸರಾಸರಿ ವಯಸ್ಸು 62, ಕಾಯಿಲೆಗೆ ಹತ್ತು ವರ್ಷದ ಹಳಮೆ, ಹೃದ್ರೋಗ ಇದ್ದವರು ಇಲ್ಲವೇ ಬರುವ ಅಪಾಯ ಹೆಚ್ಚಿದ್ದವರು. ಅರ್ಧ ಜನರನ್ನು 6ರ ಕೆಳಗೆ ತರಲು ಯತ್ನಿಸಿದರು, ಉಳಿದವರಿಗೆ 7ರಿಂದ 7.9ರ ಗುರಿ. 2008ರ ಫೆಬ್ರುವರಿಯಲ್ಲಿ ಈ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಸುಮಾರು ಮೂರೂವರೆ ವರ್ಷದಲ್ಲಿ ಬಿಗಿ ಗುಂಪಿನಲ್ಲಿ 257 ಜನ ತೀರಿಕೊಂಡಿದ್ದರು, ಸಡಿಲ ಗುಂಪಿನಲ್ಲಿ 203. ನೂರು ಜನರಲ್ಲಿ ನಾಲ್ವರ ಬದಲು ಐವರು. ಅಂಕಿ ಇಳಿಯಿತು, ಸಾವು ಏರಿತು.

ಒಂದೇ ಅಧ್ಯಯನ ಹಿಡಿದುಕೊಂಡು ತೀರ್ಪು ಕೊಡುವುದು ತರವಲ್ಲ. ಭಾರತವೂ ಸೇರಿ 20 ದೇಶಗಳ 11,140 ಜನರಿದ್ದ ಅಡ್ವಾನ್ಸ್ ಅಧ್ಯಯನದಲ್ಲಿ 6.5ರವರೆಗೆ ನಿಧಾನವಾಗಿ ಇಳಿಸಿದಾಗ ಸಾವು ಹೆಚ್ಚಲಿಲ್ಲ. ಮೂತ್ರಪಿಂಡದ ತೊಂದರೆ ನೂರಕ್ಕೆ 5.2ರಿಂದ 4.1ಕ್ಕೆ ಇಳಿಯಿತು, ಹೃದಯಕ್ಕೆ ಮಾತ್ರ ಎದ್ದು ಕಾಣುವ ಲಾಭ ಸಿಗಲಿಲ್ಲ. ಅಮೆರಿಕದ 1,791 ಮಾಜಿ ಸೈನಿಕರ ವಿಎಡಿಟಿ ಅಧ್ಯಯನದಲ್ಲಿ, ಕಾಯಿಲೆ ಹಳತಾದ ಮೇಲೆ ಬಿಗಿ ಹಿಡಿದವರಿಗೆ ಹದಿನೈದು ವರ್ಷದ ನಂತರ ನೋಡಿದಾಗಲೂ ಅಂಥ ಗಂಟೇನೂ ಉಳಿದಿರಲಿಲ್ಲ. ಎಲ್ಲವನ್ನೂ ತಕ್ಕಡಿಗೆ ಹಾಕಿದರೆ ಮುಳ್ಳು ಒಂದು ಕಡೆ ನಿಲ್ಲುತ್ತದೆ: ಬೇಗ ಹಿಡಿದರೆ ಲಾಭ ದೊಡ್ಡದು, ತಡವಾಗಿ ಬಿಗಿದರೆ ಲಾಭ ಸಣ್ಣದು, ತಡವಾಗಿ ಅತಿಯಾಗಿ ಬಿಗಿದರೆ ಅಪಾಯವೂ ಇದೆ. ಭದ್ರಾ ನಾಲೆಯ ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿಯ ಹೊತ್ತಿಗೆ ಬಂದ ನೀರು ಬೆಳೆ ಕೊಡುತ್ತದೆ. ತೆನೆ ಬಾಗಿದ ಮೇಲೆ ಗದ್ದೆ ತುಂಬ ನಿಲ್ಲಿಸಿದ ನೀರು ಬೆಳೆ ಮಲಗಿಸುತ್ತದೆ.

ಈ ಪುರಾವೆಗಳನ್ನೇ ನೋಡಿ ತಜ್ಞರೂ ಬೇರೆ ಬೇರೆ ಮಾತಾಡಿದ್ದಾರೆ. ಹೆಚ್ಚಿನ ಟೈಪ್ 2 ರೋಗಿಗಳಿಗೆ 7ರಿಂದ 8 ಸಾಕು, 6.5ಕ್ಕಿಂತ ಕೆಳಗೆ ಹೋದರೆ ಔಷಧಿ ಕಡಿಮೆ ಮಾಡುವುದನ್ನು ಯೋಚಿಸಿ ಎಂದು ಅಮೆರಿಕದ ವೈದ್ಯರ ಸಂಘವೊಂದು, ಎಸಿಪಿ, 2018ರಲ್ಲಿ ಹೇಳಿತು. ಅಲ್ಲಿನ ಮಧುಮೇಹ ಸಂಘ ಎಡಿಎ ಅದನ್ನು ಒಪ್ಪದೆ 7ರ ಗೆರೆಯನ್ನೇ ಉಳಿಸಿಕೊಂಡಿತು. ಆದರೆ ಹಲವು ಕಾಯಿಲೆ ಇರುವ ವೃದ್ಧರಿಗೆ 8ರ ಒಳಗಿದ್ದರೆ ಸಾಕು ಎಂದು ಎಡಿಎ ಕೂಡ ಹೇಳುತ್ತದೆ. ಜಗಳ ಇರುವುದು ನಡುವಿನವರ ಬಗ್ಗೆ. ತೀರ ವಯಸ್ಸಾದವರು, ಮೂತ್ರಪಿಂಡ ಸೋತವರು, ಒಂಟಿಯಾಗಿ ಬದುಕುವವರು, ಪದೇಪದೇ ಶುಗರ್ ಕುಸಿಯುವವರು, ಇವರನ್ನು ಬಿಗಿಯಬಾರದು ಎಂಬುದರಲ್ಲಿ ಎರಡೂ ಕಡೆಯವರದು ಒಂದೇ ಮಾತು.

ನಮ್ಮ ಹಳ್ಳಿಗಳಲ್ಲಿ ಶುಗರ್ ಕುಸಿತ ಲೆಕ್ಕಕ್ಕೇ ಸಿಗುವುದಿಲ್ಲ. 70ಕ್ಕಿಂತ ಇಳಿದಾಗ ಬೆವರು, ನಡುಕ, ಎದೆ ಡವಡವ, ತಡೆಯಲಾಗದ ಹಸಿವು ಬರುತ್ತವೆ. 54ಕ್ಕಿಂತ ಇಳಿದರೆ ಮಾತು ತೊದಲುತ್ತದೆ, ದಿಕ್ಕು ತಪ್ಪುತ್ತದೆ. ತೋಟದಲ್ಲಿ ಹೀಗಾದರೆ ಬಿಸಿಲಿನ ಝಳ ಎನ್ನುತ್ತಾರೆ, ಸಂತೆಯಲ್ಲಾದರೆ ಕುಡಿದಿದ್ದಾನೆ ಎನ್ನುತ್ತಾರೆ, ಮನೆಯ ಮೂಲೆಯಲ್ಲಿ ಅಜ್ಜನಿಗಾದರೆ ಅರಳುಮರಳು ಎನ್ನುತ್ತಾರೆ. ರಾತ್ರಿ ನಿದ್ದೆಯಲ್ಲಾದರೆ ಬೆಳಿಗ್ಗೆಯ ತಲೆನೋವು, ಒದ್ದೆಯಾದ ದಿಂಬು ಮಾತ್ರ ಸಾಕ್ಷಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಅಗ್ಗದ ಮಾತ್ರೆಗಳು ಹೊಟ್ಟೆಗೆ ಊಟ ಬಿದ್ದರೂ ಬೀಳದಿದ್ದರೂ ಇನ್ಸುಲಿನ್ ಹೊರಡಿಸುತ್ತವೆ. ಮೂತ್ರಪಿಂಡ ಸೋತವರ ಮೈಯಲ್ಲಿ ಅವು ಹೆಚ್ಚು ಹೊತ್ತು ಉಳಿಯುತ್ತವೆ. ಅದರಲ್ಲೂ ಗ್ಲಿಬೆನ್‌ಕ್ಲಮೈಡ್ ವೃದ್ಧರಿಗೆ ಬೇಡವೆಂದು ತಜ್ಞರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಬೆಳಿಗ್ಗೆ ಟೀ ಕುಡಿದು ಗುಳಿಗೆ ನುಂಗಿ, ಹತ್ತು ಗಂಟೆಯ ಬುತ್ತಿಗೆ ಕಾಯುತ್ತ ಕಳೆ ತೆಗೆಯುವವರ ದಿನಚರಿಗೆ ಈ ಮಾತ್ರೆ ಹೊಂದುತ್ತದೆಯೇ ಎಂದು ಚೀಟಿ ಬರೆಯುವವರು ಕೇಳಲೇಬೇಕು. ಶಿವರಾತ್ರಿ, ಏಕಾದಶಿ, ರಂಜಾನ್ ಉಪವಾಸಗಳಿಗೂ ಇದೇ ಪ್ರಶ್ನೆ.

ಚೀಟಿಯಲ್ಲಿ ಬಂದ ಅಂಕಿ ನಿಜವೇ ಎಂಬುದೂ ಮುಖ್ಯ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಮೂರು ತಿಂಗಳ ಟೆಸ್ಟ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ರಕ್ತ ಕಳೆದುಕೊಂಡವರಲ್ಲಿ, ರಕ್ತ ಹಾಕಿಸಿಕೊಂಡವರಲ್ಲಿ ಕಡಿಮೆ ತೋರಿಸಬಹುದು. ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ರಕ್ತಹೀನರು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳಿದೆ. ಅವರ ಹಿಮೋಗ್ಲೋಬಿನ್ ನೋಡದೆ 7.4 ಬಂತೆಂದು ಮಾತ್ರೆ ಏರಿಸುವುದು ಕಣ್ಣು ಕಟ್ಟಿಕೊಂಡು ಬಾಣ ಬಿಟ್ಟ ಹಾಗೆ. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರಿಗೂ ಮಿತಿ ಇದೆ. ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ಅಂಕಿಯಲ್ಲಿ 15% ಆಚೀಚೆ ಒಪ್ಪುತ್ತದೆ. ನಿಜವಾಗಿ 140 ಇದ್ದರೆ ಯಂತ್ರ 120 ಎಂದರೂ 160 ಎಂದರೂ ಅದು ಕೆಟ್ಟ ಯಂತ್ರವಲ್ಲ. ಮಾವಿನಹಣ್ಣು ಹೆಚ್ಚಿದ ಕೈ ತೊಳೆಯದೆ ಚುಚ್ಚಿದರಂತೂ ಶುಗರ್ ಇರುವುದು ಬೆರಳ ಮೇಲೆಯೇ.

ಇನ್ನೂ ಆಳದ ಪಾಠವೊಂದಿದೆ. ಅಂಕಿ ಇಳಿಸುವುದೇ ಆರೋಗ್ಯವಲ್ಲ. 1999ರಲ್ಲಿ ಬಂದ ರೋಸಿಗ್ಲಿಟಜೋನ್ ಎಂಬ ಮಾತ್ರೆ ಶುಗರನ್ನು ಚೆನ್ನಾಗಿ ಇಳಿಸುತ್ತಿತ್ತು. ಹೃದಯಾಘಾತ ಹೆಚ್ಚಿಸುತ್ತದೆಂಬ ಸಂಶಯ 2007ರಲ್ಲಿ ಎದ್ದಿತು, 2010ರಲ್ಲಿ ಭಾರತ ಅದನ್ನು ನಿಷೇಧಿಸಿತು. ಅಮೆರಿಕ 2013ರಲ್ಲಿ ನಿರ್ಬಂಧ ಸಡಿಲಿಸಿದ್ದೂ ನಿಜ. ಹತ್ತು ವರ್ಷಕ್ಕೂ ಮೇಲೆ ಲಕ್ಷಾಂತರ ಜನ ನುಂಗಿದ ಮಾತ್ರೆಯ ಬಗ್ಗೆ ಇಷ್ಟು ತಡವಾಗಿ ವಾದ ನಡೆಯಬೇಕಾಯಿತಲ್ಲ, ಅದೇ ಪಾಠ. ಇದಕ್ಕೆ ತದ್ವಿರುದ್ಧ ಕಥೆ ಎಂಪಾಗ್ಲಿಫ್ಲೋಜಿನ್‌ನದು. 2015ರಲ್ಲಿ ಪ್ರಕಟವಾದ, ಹೃದ್ರೋಗವಿದ್ದ 7,020 ಮಧುಮೇಹಿಗಳ ಅಧ್ಯಯನದಲ್ಲಿ ಈ ಮಾತ್ರೆ ಮೂರು ತಿಂಗಳ ಅಂಕಿಯನ್ನು ಇಳಿಸಿದ್ದು ಅರ್ಧ ಅಂಶದ ಆಸುಪಾಸಿನಲ್ಲಷ್ಟೆ. ಹೃದಯದ ಕಾರಣದ ಸಾವು ಮಾತ್ರ ನೂರಕ್ಕೆ 5.9ರಿಂದ 3.7ಕ್ಕೆ ಇಳಿಯಿತು. 2025ರ ಮಾರ್ಚ್‌ನಲ್ಲಿ ಇದರ ಪೇಟೆಂಟ್ ಮುಗಿದು ಅಗ್ಗದ ಮಾತ್ರೆಗಳು ನಮ್ಮ ಮೆಡಿಕಲ್ ಶಾಪ್‌ಗಳಿಗೂ ಬಂದಿವೆ. ಒಳ್ಳೆಯದೇ. ಆದರೆ ಇದು ಮೂತ್ರದ ಮೂಲಕ ಸಕ್ಕರೆಯ ಜೊತೆ ನೀರನ್ನೂ ಹೊರಹಾಕುತ್ತದೆ. ಜಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಕೂಲಿ ಮಾಡುವವರಿಗೆ, ವಾಂತಿಭೇದಿ ಹಿಡಿದವರಿಗೆ, ಉಪವಾಸ ಇರುವವರಿಗೆ ಎಚ್ಚರಿಕೆ ಹೇಳದೆ ಕೊಡುವಂಥದ್ದಲ್ಲ.

ಶುಗರ್ ಚೀಟಿ ಹಿಡಿದು ಕೂತವರ ಬಿ.ಪಿ. ಪಟ್ಟಿ ಕಟ್ಟದೆ ಕಳಿಸುವುದು ಇನ್ನೊಂದು ತಪ್ಪು. ಅದೇ ಯುಕೆಪಿಡಿಎಸ್‌ನ ಇನ್ನೊಂದು ಭಾಗದಲ್ಲಿ 1,148 ಜನರ ಬಿ.ಪಿ.ಯನ್ನು 154/87ರ ಬದಲು 144/82ಕ್ಕೆ ತಂದಾಗ ಪಾರ್ಶ್ವವಾಯು 44%, ಮಧುಮೇಹ ಸಂಬಂಧಿ ಸಾವು 32% ಇಳಿದವು. ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನದಲ್ಲಿ ಇದ್ದವರು ಬರೀ 160 ಜನ. ಶುಗರ್, ಬಿ.ಪಿ., ಕೊಲೆಸ್ಟರಾಲ್, ಬೀಡಿ ಸಿಗರೇಟು ಎಲ್ಲವನ್ನೂ ಒಟ್ಟಿಗೆ ನೋಡಿಕೊಂಡವರು 21 ವರ್ಷದ ಲೆಕ್ಕದಲ್ಲಿ ಸುಮಾರು ಎಂಟು ವರ್ಷ ಹೆಚ್ಚು ಬದುಕಿದರು.

ಇಷ್ಟನ್ನು ಓದಿ "ಹಾಗಾದರೆ ಗುಳಿಗೆ ಬಿಟ್ಟರೂ ನಡೆಯುತ್ತೆ" ಎಂದು ಯಾರೂ ತಿಳಿಯಬಾರದು. ನಮ್ಮ ದೇಶದ ದೊಡ್ಡ ರೋಗ ಬಿಗಿಯಲ್ಲ, ಸಡಿಲ. ಐಸಿಎಂಆರ್-ಇಂಡಿಯಾಬ್ ತಂಡ 2022ರಲ್ಲಿ ಕೊಟ್ಟ ಲೆಕ್ಕದಂತೆ ತಮಗೆ ಮಧುಮೇಹ ಇದೆ ಎಂದು ಗೊತ್ತಿದ್ದವರಲ್ಲೂ 7ರ ಒಳಗಿದ್ದವರು 36.3% ಮಾತ್ರ. ಶುಗರ್, ಬಿ.ಪಿ., ಕೊಲೆಸ್ಟರಾಲ್ ಮೂರೂ ಹತೋಟಿಯಲ್ಲಿದ್ದವರು 7.7%. ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವ ತಾಂಡಾದ ಕುಟುಂಬಗಳಿಗೆ ಔಷಧಿ ತಿಂಗಳುಗಟ್ಟಲೆ ನಿಂತುಹೋಗುವುದೂ ಈ ಸಡಿಲದ ಭಾಗ. 'ಹದಿನೈದೇ ದಿನದಲ್ಲಿ ಶುಗರ್ ಮಾಯ' ಎಂಬ ಪೌಡರ್ ಜಾಹೀರಾತುಗಳು 1954ರ ಕಾಯ್ದೆಯ ಪ್ರಕಾರವೇ ಅಪರಾಧ. ಅವಕ್ಕೆ ದುಡ್ಡು ಸುರಿದು ಮಾತ್ರೆ ಬಿಟ್ಟವರು ಕಾಲು ಕೊಳೆಸಿಕೊಂಡು ದಾವಣಗೆರೆಯ ಆಸ್ಪತ್ರೆ ಸೇರುವುದೂ ಸಡಿಲದ್ದೇ ಫಲ. ನಾವು ಹೇಳುತ್ತಿರುವುದು ಗೆರೆ ಅಳಿಸಿ ಎಂದಲ್ಲ, ಆಯಾ ಮನುಷ್ಯನಿಗೆ ತಕ್ಕ ಗೆರೆ ಎಳೆಯಿರಿ ಎಂದು.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ರೋಗಿಯ ಕಾರ್ಡಿನಲ್ಲಿ ಇಂದಿನ ಅಂಕಿಯ ಪಕ್ಕ 'ಇವರ ಗುರಿ' ಎಂಬ ಒಂದು ಅಂಕಣ ಸಾಕು. ಹೊಸದಾಗಿ ಗೊತ್ತಾದ, ಬೇರೆ ತೊಂದರೆ ಇಲ್ಲದ ನಲವತ್ತರವರಿಗೆ 7ರ ಒಳಗೆ, ಕುಸಿತವಾಗದಂತೆ ಸಾಧ್ಯವಾದರೆ 6.5ರ ಕಡೆಗೆ. ಹಲವು ಕಾಯಿಲೆಯ ವೃದ್ಧರಿಗೆ 8ರ ಆಸುಪಾಸು. ನಡುವಿನವರಿಗೆ ವೈದ್ಯರೂ ರೋಗಿಯೂ ಕೂತು ಮಾತಾಡಿ ಬರೆದುಕೊಂಡದ್ದು. ಗುರಿಯ ಪಕ್ಕ ಅದನ್ನು ಮತ್ತೆ ಪರಿಶೀಲಿಸುವ ತಿಂಗಳೂ ಇರಲಿ, ಏಕೆಂದರೆ ಇವತ್ತಿನ ಕೇಣಿದಾರ ನಾಳೆಯ ಅಜ್ಜ.

ಎರಡನೆಯದು, 'ಹತೋಟಿಯಲ್ಲಿದೆ' ಎಂಬ ಲೆಕ್ಕ ಕೇಳುವ ಇಲಾಖೆ 'ಶುಗರ್ ಕುಸಿದಿದೆ' ಎಂಬ ಲೆಕ್ಕವನ್ನೂ ಕೇಳಲಿ. "ಕಳೆದ ತಿಂಗಳು ಬೆವೆತು, ನಡುಗಿ, ದಿಕ್ಕು ತಪ್ಪಿದ ಹಾಗೆ ಆಗಿತ್ತಾ?" ಎಂಬ ಒಂದೇ ಪ್ರಶ್ನೆಯನ್ನು ಆಶಾ ಕಾರ್ಯಕರ್ತೆ ಪ್ರತಿ ಭೇಟಿಯಲ್ಲಿ ಕೇಳಿದರೆ ಪಿತ್ತ, ಬಿಸಿಲು, ಅರಳುಮರಳುಗಳ ಮರೆಯಲ್ಲಿರುವುದು ಹೊರಬರುತ್ತದೆ. ನಾಲ್ಕೂ ತಾಲ್ಲೂಕುಗಳ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಶುಗರ್ ಕುಸಿದು ಬಂದವರ ವಯಸ್ಸು, ಅವರು ನುಂಗುತ್ತಿದ್ದ ಮಾತ್ರೆಯ ಹೆಸರು ಒಂದು ಪುಸ್ತಕದಲ್ಲಿ ದಾಖಲಾಗಲಿ. ಆರು ತಿಂಗಳಲ್ಲಿ ಯಾರನ್ನು ಅತಿಯಾಗಿ ಬಿಗಿದಿದ್ದೇವೆ ಎಂದು ಆ ಪುಸ್ತಕವೇ ಹೇಳುತ್ತದೆ.

ಮೂರನೆಯದು, ಕೇಣಿದಾರನಂಥವರನ್ನು ಬಿಡಬಾರದು. ಗುರಿ ಮುಟ್ಟುವವರೆಗೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರದ ಪ್ರೋಟೀನ್, ಪ್ರತಿ ಸಲವೂ ಬಿ.ಪಿ. ಗುಳೆ ಹೊರಡುವ ಮುನ್ನ ಮರಳುವವರೆಗಿನ ಮಾತ್ರೆ ಕೈಗೆ ಸಿಗಬೇಕು. ಉಪವಾಸದ ತಿಂಗಳಿಗೆ ಮುನ್ನ ಮಾತ್ರೆಯ ಹೊತ್ತು ಬದಲಿಸಬೇಕು.

ಮನೆಯವರಿಗೂ ಒಂದು ಕೆಲಸ ಇದೆ. ಹಿರಿಯರು ಇದ್ದಕ್ಕಿದ್ದಂತೆ ಬೆವೆತು ತೊದಲಿದರೆ, ಎಚ್ಚರವಿದ್ದು ನುಂಗುವಂತಿದ್ದರೆ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡರೂ ಆ ವಾರವೇ ವೈದ್ಯರಿಗೆ ತಿಳಿಸಿ. ಒಮ್ಮೆ ಕುಸಿದದ್ದು ಮಾತ್ರೆಯ ಪ್ರಮಾಣ ನೋಡಿ ಎಂದು ಮೈ ಕೊಡುವ ನೋಟಿಸ್.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ "ಎಷ್ಟು ಬಂದಿದೆ ಸಾರ್?" ಎಂದು ಕೇಳುವುದರ ಜೊತೆಗೆ "ನನಗೆ ಎಷ್ಟು ಇರಬೇಕು?" ಎಂದೂ ಕೇಳಿ, ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಖಾಲಿ ಹೊಟ್ಟೆಯ ಪರೀಕ್ಷೆಯ ದಿನ ಬೆಳಗಿನ ಶುಗರ್ ಗುಳಿಗೆಯನ್ನು ಏನು ಮಾಡಬೇಕೆಂದು ಹಿಂದಿನ ದಿನವೇ ವೈದ್ಯರನ್ನು ಕೇಳಿಕೊಳ್ಳಿ. ಸಾಮಾನ್ಯವಾಗಿ ಅದು ಚೀಲದಲ್ಲಿ ರೊಟ್ಟಿಯ ಪಕ್ಕ ಇರಬೇಕು. ಮೊದಲು ರಕ್ತ ಕೊಡಿ, ಆಮೇಲೆ ಗುಳಿಗೆಯೂ ರೊಟ್ಟಿಯೂ ಒಟ್ಟಿಗೇ.